ಬಾಯಲ್ಲಿ ನಿಂತ ಹೆಸರು

ಮನೆಯಲ್ಲಿ ಬೇರೆ ಯಾರಿಗಾದರೂ ಹೀಗೆ ಮಾತು ತಡೆಯುತ್ತದೆಯೇ ಎಂದು ಜಿಪಾರ್ ಕೇಳಿದಾಗ ಕನಿಶಾಯ್ “ಇಲ್ಲ” ಎಂದಳು. ಎಷ್ಟು ಸಲೀಸಾಗಿ ಬಂದುಬಿಟ್ಟಿತು ಆ ಮಾತು. ನಿಜ ಹೇಳಬೇಕಾದಾಗಲೆಲ್ಲ ಬಾಯಲ್ಲಿ ಅಡ್ಡ ಮಲಗುವ ನಾಲಿಗೆ ಸುಳ್ಳಿಗೆ ಮಾತ್ರ ತುದಿಗಾಲಲ್ಲಿ ನಿಂತಿರುತ್ತದಲ್ಲ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಪಕ್ಕದ ಪುಟ್ಟ ಕುರ್ಚಿಯಲ್ಲಿ ಕೂತು ಬೂಟಿನ ದಾರ ಬಿಚ್ಚುತ್ತ ಕಟ್ಟುತ್ತ ಇದ್ದ ಮಗಳು ಬೆಗಿಮಾಯ್ ಆ ‘ಇಲ್ಲ’ ಕೇಳಿ ಒಂದು ಗಳಿಗೆ ಕೈ ನಿಲ್ಲಿಸಿದಳು. ಮತ್ತೆ ಬಗ್ಗಿ ದಾರವನ್ನು ಇನ್ನಷ್ಟು ಬಿಗಿಯಾಗಿ ಎಳೆದಳು. ಎಂಟು ವರ್ಷದ ಕೂಸು, ಅದಕ್ಕೇನು ತಿಳಿಯುತ್ತದೆ ಎಂದು ಕನಿಶಾಯ್ ಸಮಾಧಾನ ಮಾಡಿಕೊಳ್ಳಲು ನೋಡಿದಳು. ಆದರೆ ಎದುರಿಗೆ ಕೂತವಳ ಕಣ್ಣು ತನ್ನ ಬಾಯಿಯ ಮೇಲೇ ನೆಟ್ಟಿದೆ ಅನ್ನಿಸಿ ತಲೆವಸ್ತ್ರದ ಅಂಚನ್ನು ಗಲ್ಲದ ತನಕ ಎಳೆದುಕೊಂಡಳು. ಒಳ್ಳೆ ಮನೆತನದ ಸೊಸೆಗೆ ಒಪ್ಪುವಂಥ ವಸ್ತ್ರ ಅದು, ಹನ್ನೊಂದು ವರ್ಷದಿಂದ ಅದರ ಮರೆಯಲ್ಲಿ ಬದುಕು ಸಾಗಿತ್ತು.

ಬಾಗಿಲು ತೆರೆದಾಗಲೇ ಈ ಜಿಪಾರ್ ಕನಿಶಾಯ್‌ಳ ಎದೆ ಹಾರಿಸಿದ್ದಳು. ಮಕ್ಕಳ ಮಾತಿನ ತೊಡಕು ಬಿಡಿಸುವವಳು ಎಂದು ಯಾರೋ ಹೇಳಿದ್ದರಿಂದ ರಾಜಧಾನಿ ಬಿಶ್ಕೆಕ್ ತನಕ ಬಂದದ್ದು. ಗಡಸು ದನಿಯ, ಕನ್ನಡಕದ, ಪುಸ್ತಕ ಓದಿದ ಹಾಗೆ ಮಾತಾಡುವ ಹೆಂಗಸೊಬ್ಬಳು ಇರುತ್ತಾಳೆಂದು ಎಣಿಸಿದ್ದಳು. ಬಾಗಿಲಲ್ಲಿ ನಿಂತದ್ದು ತನಗಿಂತ ಚಿಕ್ಕವಳು, ಕೂದಲು ಮೊಟಕು, ಕೈಯಲ್ಲಿ ಅರ್ಧ ತಿಂದ ಏಪ್ರಿಕಾಟ್. “ಬನ್ನಿ ಬನ್ನಿ, ನಾನು ಜಿ... ಜಿ... ಜಿ...” ಎಂದು ತನ್ನ ಹೆಸರಲ್ಲೇ ಸಿಕ್ಕಿಬಿದ್ದಳು. ಕಣ್ಣು ತಪ್ಪಿಸಲಿಲ್ಲ, ಕೆಮ್ಮಲಿಲ್ಲ, ಕೆಂಪಾಗಲಿಲ್ಲ. “ತಾಳಿ, ಬರ್ತಾ ಇದೆ,” ಎಂದು ನಕ್ಕು, ಬಂದ ಮೇಲೆ “ಜಿಪಾರ್” ಎಂದು ಮುಗಿಸಿದಳು. ಸ್ನಾನದ ಮನೆಯಿಂದ ಯಾರೋ ಬತ್ತಲೆ ನಡೆದುಬಂದು ಚಹಾ ಕುಡೀತೀರಾ ಎಂದು ಕೇಳಿದಷ್ಟು ಗಾಬರಿಯಾಯಿತು ಕನಿಶಾಯ್‌ಗೆ. ತಿರುಗಿ ಹೋಗಿಬಿಡೋಣ ಎನ್ನಿಸಿತು. ಇವಳಿಗೇ ನೆಟ್ಟಗಿಲ್ಲ, ಇನ್ನೊಬ್ಬರಿಗೆ ಏನು ಕಲಿಸಿಯಾಳು? ಹಾಗೆ ಅಂದುಕೊಂಡದ್ದು ತಾನೋ, ತನ್ನೊಳಗಿನಿಂದ ಗಂಡ ಕುಬಾನನೋ, ಅತ್ತೆಯೋ ಎಂದು ಗೊತ್ತಾಗಲಿಲ್ಲ. ಆದರೆ ಬೆಗಿಮಾಯ್ ಮಾತ್ರ ಹೊಸಿಲಿನ ಮೇಲೆ ನಿಂತು ಬಾಯಿ ಬಿಟ್ಟುಕೊಂಡು ಆ ಹೆಂಗಸನ್ನೇ ನೋಡುತ್ತಿದ್ದಳು. ಎಳೆದರೂ ಬರುವ ಹಾಗಿರಲಿಲ್ಲ.

“ಒಂದೇ ಸಲ ಹೋಗಿ ಬಾ, ನಿನ್ನ ಸಮಾಧಾನಕ್ಕೆ,” ಎಂದಿದ್ದ ಕುಬಾನ್ ಬೆಳಿಗ್ಗೆ. ಹಳೆ ಕಾರುಗಳ ಬಿಡಿಭಾಗ ಮಾರುವ ಅವನಿಗೆ ದನಿ ದೊಡ್ಡದು, ಮನಸ್ಸೂ ದೊಡ್ಡದು. ಮದುವೆ ಮನೆಗಳಲ್ಲಿ ಅವನು ಎದ್ದು ನಿಂತು ಹರಸಿದರೆ ಮುದುಕಿಯರು ಕಣ್ಣೊರೆಸಿಕೊಳ್ಳುತ್ತಾರೆ. “ಆದ್ರೆ ಸಂಜೆಯೊಳಗೆ ಒಂದು ಮಾತು ಹೇಳ್ಬಿಡು ನೋಡು. ಆ ದೊಡ್ಡ ಡಾಕ್ಟರ ಹತ್ರ ಜಾಗ ಹಿಡಿದಿಡ್ಬೇಕು, ಜನ ಮುಗಿಬೀಳ್ತಿದಾರೆ.” ಆ ಡಾಕ್ಟರನ ವಿಡಿಯೊವನ್ನು ಅವನು ಫೋನಿನಲ್ಲಿ ಎಷ್ಟು ಸಲ ನೋಡಿದ್ದನೋ. ಒಬ್ಬ ಹುಡುಗ ‘ನಮಸ್ಕಾರ’ ಎನ್ನಲಾರದೆ ಕತ್ತಿನ ನರ ಉಬ್ಬಿಸಿಕೊಂಡು ಒದ್ದಾಡುತ್ತಾನೆ. ಆಮೇಲೆ ಹತ್ತು ದಿನ ಅವನು ಬಾಯಿ ಬಿಡುವಂತಿಲ್ಲ, ಒಂದು ಮಾತೂ ಆಡುವಂತಿಲ್ಲ, ಬೇಕಾದ್ದನ್ನು ಚೀಟಿಯಲ್ಲಿ ಬರೆದು ತೋರಿಸಬೇಕು. ಕೊನೆಗೆ ತುಂಬಿದ ಸಭೆಯಲ್ಲಿ ಡಾಕ್ಟರು ಹಣೆಯ ಮೇಲೆ ಕೈಯಿಟ್ಟು “ಮಾತಾಡು!” ಎಂದು ಗದರುತ್ತಾನೆ, ಹುಡುಗ ಅರಳು ಹುರಿದ ಹಾಗೆ ಮಾತಾಡುತ್ತಾನೆ, ಹುಡುಗನ ತಾಯಿ ಅಳುತ್ತಾಳೆ. ಅವಳ ಜೊತೆ ಕುಬಾನನೂ ಅಳುತ್ತಾನೆ. “ನಮ್ ಹುಡುಗಿನೂ ಹಂಗೆ ಮಾತಾಡ್ತಾಳೆ ಕಣೆ, ನೋಡ್ತಿರು,” ಎಂದು ಮೂಗು ಸೇದುತ್ತಾನೆ. ಅಂಥ ಗಂಡಸಿಗೆ ಬೇಡ ಎನ್ನುವುದಕ್ಕೂ ಮನಸ್ಸು ಬರುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಆ ಹತ್ತು ದಿನದ ಮೌನದ ಮಾತು ಕೇಳಿದಾಗ ಕನಿಶಾಯ್‌ಗೆ ಹೊಟ್ಟೆಯಲ್ಲಿ ಏನೋ ತಂಪಾಗಿತ್ತು. ಮೌನ ಎಂದರೆ ಅವಳಿಗೆ ಗೊತ್ತಿದ್ದ ಊರು. ಅಲ್ಲಿ ಯಾರಿಗೂ ಪೆಟ್ಟಾಗುವುದಿಲ್ಲ.

ಜಿಪಾರ್ ಮೇಜಿನ ಮೇಲೆ ಪ್ರಾಣಿಗಳ ಚಿತ್ರದ ಕಾರ್ಡುಗಳನ್ನು ಹರಡಿ ಬೆಗಿಮಾಯ್ ಜೊತೆ ಆಟಕ್ಕೆ ಕೂತಳು. ಕುದುರೆ ಬಂದಾಗ ಬೆಗಿಮಾಯ್ “ನಮ್ಮ ತಾತನ ಹತ್ರ ಇತ್ತು” ಎಂದಳು. ತೋಳ ಬಂದಾಗ “ಕುರಿ ತಿನ್ನೋದು” ಎಂದಳು. ಮಾತು ಎಲ್ಲೂ ತಡೆಯಲಿಲ್ಲ, ಹೊಳೆಯಲ್ಲಿ ಕಲ್ಲಿಂದ ಕಲ್ಲಿಗೆ ಹಾರುವ ಹಾಗೆ ಹಾರಿಕೊಂಡು ಹೋದಳು. ನೋಡಿದಿರಾ, ಇವಳಿಗೆ ಅಷ್ಟೇನೂ ಇಲ್ಲ, ಎಂದು ಹೇಳಲು ಕನಿಶಾಯ್ ಬಾಯಿ ತೆರೆಯುವುದರಲ್ಲಿದ್ದಳು.

“ಸ್ಕೂಲಲ್ಲಿ ನಿನ್ನ ಗೆಳತಿ ಯಾರು?” ಎಂದಳು ಜಿಪಾರ್.

“ಪಕ್ಕದ ಬೆಂಚಿನವಳು.”

“ಅವಳ ಹೆಸರು?”

“ಉದ್ದ ಜಡೆ ಇದೆ ಅವಳಿಗೆ. ಅವಳಮ್ಮ ಬ್ರೆಡ್ ಮಾರ್ತಾರೆ.”

ಜಿಪಾರ್ ಕಾರ್ಡು ಕೆಳಗಿಟ್ಟು ಗಟ್ಟಿಯಾಗಿ ನಕ್ಕಳು. “ಅಯ್ಯೋ ನಿನ್ನ! ಮ... ಮದುವೆಗೆ ಮುಂಚೆನೇ ಸೊಸೆ ಆಗ್ಬಿಟ್ಟಿದೀಯಲ್ಲೇ! ಯಾರ ಹೆಸರೂ ಹೇಳಲ್ಲ ನೀನು!” ಬೆಗಿಮಾಯ್ ಕೂಡ ನಕ್ಕಳು. ಕನಿಶಾಯ್‌ಗೆ ಮಾತ್ರ ಕೆನ್ನೆಗೆ ಹೊಡೆದ ಹಾಗಾಯಿತು. ಜಿಪಾರ್ ಅವಳ ಕಡೆ ತಿರುಗಿ ದನಿ ತಗ್ಗಿಸಿದಳು. “ಎಜೆ, ಇವಳು ತಡವರಿಸ್ತಾ ಇಲ್ಲ, ಅಡಗಿಕೊಳ್ತಾ ಇದಾಳೆ. ಇಷ್ಟು ಚಿಕ್ಕ ವಯಸ್ಸಿಗೆ ಇಷ್ಟು ಚೆನ್ನಾಗಿ ಅಡಗೋದು ನಾನು ನೋ... ನೋಡಿಲ್ಲ. ತಡವರಿಕೆ ಯಾರೂ ಕಲಿಸೋದಲ್ಲ, ಅದಾಗೇ ಬರತ್ತೆ. ಅಡಗೋದನ್ನ ಮಾತ್ರ ಮಕ್ಕಳು ಯಾರನ್ನೋ ನೋಡಿ ಕಲೀತಾವೆ.” ಎಜೆ ಎಂದು ಅಕ್ಕನನ್ನು ಕರೆದ ಹಾಗೆ ಕರೆದು ಹೇಳಿದ ಆ ಮಾತಿನಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ವಾಸಿಯಿತ್ತು, ಸಿಟ್ಟಾದರೂ ಮಾಡಿಕೊಳ್ಳಬಹುದಿತ್ತು.

ಸೊಸೆ ಗಂಡನ ಹೆಸರಾಗಲಿ ಅವನ ಕಡೆಯವರ ಹೆಸರಾಗಲಿ ಬಾಯಲ್ಲಿ ತರಬಾರದು. ಇದನ್ನು ಕನಿಶಾಯ್‌ಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಾರಿನ್ ಕಡೆಯ ಬೆಟ್ಟದ ಊರಿನಿಂದ ಮದುವೆಯಾಗಿ ಬಂದ ಮೊದಲ ಬೆಳಿಗ್ಗೆ, ಬಿಳಿ ವಸ್ತ್ರ ಹೊದ್ದು ಬಾಗಿಲಲ್ಲಿ ಬಾಗಿ ಬಾಗಿ ವಂದಿಸುತ್ತಿದ್ದಾಗ, ಎಲ್ಲ ಹುಡುಗಿಯರೂ ಭಾರ ಎನ್ನುವ ಆ ನಿಯಮ ತನ್ನ ಹೆಗಲಿನ ಭಾರ ಇಳಿಸುತ್ತಿದೆ ಎಂದು ಅವಳಿಗೆ ಕಂಡಿತ್ತು. ಮಾವನ ಹೆಸರು ತೆಮಿರ್. ತೆಮಿರ್ ಎಂದರೆ ಕಬ್ಬಿಣ. ಆದ್ದರಿಂದ ಕಬ್ಬಿಣಕ್ಕೂ ಅವಳು ‘ಗಟ್ಟಿಯದು’ ಎನ್ನುತ್ತಿದ್ದಳು. ಮೈದುನ ‘ನಡುವಿನವರು’, ನಾದಿನಿ ‘ನಗುಮುಖದವರು’. ಬರಬರುತ್ತ ನಿಯಮಕ್ಕೆ ಸೇರದ ಮಾತುಗಳನ್ನೂ ಅದರ ಲೆಕ್ಕಕ್ಕೇ ಹಾಕಿದಳು. ಬಾಯಿಗೆ ಬಾರದ ಮಾತು ಕಂಡರೆ ಸುತ್ತಿ ಬಳಸಿ ದಾಟಿಬಿಡುವಳು, ದಾಟಲಾಗದಿದ್ದರೆ ತಲೆ ತಗ್ಗಿಸಿ ನಗುವಳು. “ಕುಬಾನ್ ಪುಣ್ಯ ಮಾಡಿದ್ದ ಕಣ್ರೋ, ಈಗಿನ ಕಾಲದಲ್ಲಿ ಇಂಥಾ ಸೊಸೆ ಎಲ್ಲಿ ಸಿಗ್ತಾಳೆ? ಬಾಯಿದ್ದೂ ಮೂಕಿ!” ಎಂದು ಬೀದಿಯ ಮುದುಕಿಯರು ಹೊಗಳಿದಾಗ ಅತ್ತೆಯ ಮುಖ ಅರಳುತ್ತಿತ್ತು. ಗಂಡನಿಗೆ ಗೊತ್ತಿತ್ತೋ ಇಲ್ಲವೋ, ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ. ಹನ್ನೊಂದು ವರ್ಷ ಹೊಗಳಿಕೆ ತಿಂದು ಬೆಳೆದ ಸುಳ್ಳು ಅದು, ಈಗ ಮನೆಯ ಹಿರಿಯ ಮಗನಂತೆ ಕೂತುಬಿಟ್ಟಿತ್ತು.

“ನಾನು ವಾಸಿ ಮಾಡ್ತೀನಿ ಅಂತ ಹೇಳಲ್ಲ,” ಎನ್ನುತ್ತಿದ್ದಳು ಜಿಪಾರ್, ಚಹಾ ಬಗ್ಗಿಸುತ್ತ. “ಕೆಲವು ಮಕ್ಕಳಿಗೆ ಹೋಗತ್ತೆ, ಕೆಲವರಿಗೆ ಉಳಿಯತ್ತೆ. ನನಗೆ ಉ... ಉಳೀತು. ಶನಿವಾರ ಶನಿವಾರ ಇಲ್ಲಿ ಇಂಥ ಮಕ್ಕಳೆಲ್ಲ ಸೇರ್ತಾರೆ, ಜಗಳ ಆಡ್ತಾರೆ, ತಡವರಿಸ್ಕೊಂಡೇ ಆಡ್ತಾರೆ. ಮನೇಲಿ ನೀವು ಮಾಡ್ಬೇಕಾದ್ದು ಇಷ್ಟೆ: ಅವಳ ಮಾತು ನೀವು ಮುಗಿಸ್ಬೇಡಿ. ಕಣ್ಣು ಬೇರೆ ಕಡೆ ತಿರುಗಿಸ್ಬೇಡಿ. ತಾಳಿ.” ಕನಿಶಾಯ್ ಆ ಹತ್ತು ದಿನದ ಮೌನದ ಡಾಕ್ಟರನ ವಿಷಯ ಹೇಳಿದಳು. ಹೇಳಿದಳು ಎಂದರೆ ಫೋನು ತೆಗೆದು ವಿಡಿಯೊ ತೋರಿಸಿದಳು, ಅಷ್ಟೇ. ಜಿಪಾರ್ ಅದನ್ನು ಪೂರ್ತಿ ನೋಡಿದಳು. ನಗಾಡುತ್ತಾಳೆ, ಬೈಯುತ್ತಾಳೆ ಎಂದು ಕಾದರೆ ಅದೇನೂ ಇಲ್ಲ. “ನಮ್ಮಪ್ಪನೂ ನನ್ನನ್ನ ಇಂಥಲ್ಲಿಗೆ ಕರ್ಕೊಂಡ್ಹೋಗಿದ್ರು. ಒಂದು ತಿಂಗಳು ಚೆ... ಚೆನ್ನಾಗಿತ್ತು. ಆಮೇಲೆ ವಾಪಸ್ ಬಂತಲ್ಲ, ಅಪ್ಪಂಗೆ ಮುಖ ತೋರಿಸೋಕೆ ಆಗ್ಲಿಲ್ಲ ನನಗೆ. ಎಲ್ಲಿಗೆ ಬೇಕಾದ್ರೂ ಕಳಿಸಿ ಎಜೆ, ನನ್ನ ಹತ್ರಾನೇ ಬನ್ನಿ ಅನ್ನಲ್ಲ. ಕಳಿಸೋ ಮುಂಚೆ ಒಂದೇ ಒಂದು ಕೇಳ್ಕೊಳ್ಳಿ: ಅಲ್ಲಿ ನನ್ನ ಮಗು ತಡವರಿಸಬಹುದಾ? ಮನೇಲೂ ಅದನ್ನೇ ಕೇಳ್ಕೊಳ್ಳಿ.” ಎದ್ದು ಬರುವಾಗ ಜಿಪಾರ್ ಕೈ ಹಿಡಿದುಕೊಂಡು ಏನೋ ಕೇಳುವವಳಂತೆ ನಿಂತಳು. ಕೇಳಲಿಲ್ಲ. ಅವಳಿಗೆ ಗೊತ್ತಾಗಿದೆ ಎಂದು ಆ ಗಳಿಗೆಯಲ್ಲಿ ಕನಿಶಾಯ್‌ಗೆ ಖಾತ್ರಿಯಾಯಿತು.

ತಮ್ಮೂರು ಟೋಕ್ಮೋಕಿಗೆ ಹೋಗುವ ಮಿನಿಬಸ್ಸಿನಲ್ಲಿ ಕಿಟಕಿ ಪಕ್ಕದ ಜಾಗ ಸಿಕ್ಕಿತು. ಬೆಗಿಮಾಯ್ ತೊಡೆಗೆ ಒರಗಿ, ಜಿಪಾರ್ ಕೊಟ್ಟ ಚಿತ್ರದ ಪುಸ್ತಕ ತಿರುವುತ್ತ ಕೂತಳು. ಮುಂದೆ ಯಾರದೋ ಚೀಲದಿಂದ ಬಿಸಿ ಸಮೋಸದ ವಾಸನೆ, ಈರುಳ್ಳಿ, ಕುರಿಕೊಬ್ಬು. ಆ ವಾಸನೆಗೆ ಔತಣದ ಮನೆ ನೆನಪಿಗೆ ಬಂದೇ ಬಂತು. ಬೇಡ ಎಂದರೂ ಬರುವ ನೆಂಟ ಅದು. ಕುಬಾನನ ಚಿಕ್ಕಪ್ಪನ ಮಗನ ಮದುವೆ. ಗಂಡಸರ ಪಂಕ್ತಿಯಲ್ಲಿ ಕುರಿಯ ತಲೆಯನ್ನು ಮುಂದಿಟ್ಟುಕೊಂಡು ಕೂತಿದ್ದ ಸಪರ್ ತಾತ, ಕುಲಕ್ಕೆಲ್ಲ ಹಿರಿಯ, ಕಿವಿಯನ್ನು ಕೊಯ್ದು ಬೆಗಿಮಾಯ್ ಕೈಗಿಟ್ಟು, “ಬಾರೇ ಇಲ್ಲಿ ತೆಮಿರನ ಮೊಮ್ಮಗಳೇ. ನಿನ್ನ ಏಳು ತಂದೆಯರು ಯಾರ್ಯಾರು? ಹೇಳು, ಕೇಳೋಣ,” ಎಂದಿದ್ದ. ಅಪ್ಪ, ಅಪ್ಪನ ಅಪ್ಪ, ಅವನ ಅಪ್ಪ, ಹೀಗೆ ಏಳು ತಲೆಯ ಹೆಸರು ಪಟಪಟ ಹೇಳದ ಮಗು ಯಾವ ಮನೆಯಲ್ಲಿದೆ? ಬೆಗಿಮಾಯ್‌ಗೆ ಏಳೂ ಗೊತ್ತಿತ್ತು. ಕುಬಾನ್ ಗ್ಯಾರೇಜಿನಲ್ಲಿ ಸ್ಪ್ಯಾನರು ಕುಟ್ಟುತ್ತ ಹೇಳಿಕೊಟ್ಟಿದ್ದ. ಒಬ್ಬಳೇ ಇದ್ದಾಗ ಅವಳು ಗೊಂಬೆಗೆ ಹೇಳುತ್ತಿದ್ದಳು, ಒಂದೂ ತಡೆಯದೆ. ಅವತ್ತು “ಕುಬಾನ್” ಎಂದಳು. ಆಮೇಲೆ “ತೆ...” ಎಂದು ನಿಂತಳು. “ತೆ... ತೆ...” ಗಲ್ಲ ಮೇಲಕ್ಕೆ ಎಳೆಯಿತು, ಕಣ್ಣು ಮುಚ್ಚಿಕೊಂಡವು. ಹೆಸರಿಗೆ ಬದಲು ಹೆಸರು ಇಲ್ಲವಲ್ಲ, ಸುತ್ತಿ ಬಳಸಿ ಹೋಗಲು ದಾರಿಯಿಲ್ಲ. ಕೈಯಲ್ಲಿ ಕುರಿಯ ಕಿವಿ ಹಿಡಿದುಕೊಂಡು ಆ ಮಗು ಎಲ್ಲರ ನಡುವೆ ಹಾಗೆ ನಿಂತಿದ್ದಾಗ, ಸಮೋವರಿನ ಪಕ್ಕ ಚಹಾ ಬಗ್ಗಿಸುತ್ತಿದ್ದ ಕನಿಶಾಯ್ ತಲೆಯೆತ್ತಿ ಹೇಳಿದಳು:

“ಅವಳಿಗೆ ಗೊತ್ತಿಲ್ಲ ತಾತ. ಇನ್ನೂ ಕಲಿತಿಲ್ಲ.”

ಎಷ್ಟು ಚೆನ್ನಾಗಿ ಬಂತು ಅವತ್ತೂ! ಸಪರ್ ತಾತ ತಲೆಯಾಡಿಸಿದ. “ಏಳು ತಂದೆಯರನ್ನ ಅರಿಯದವರು ಗುಲಾಮರು ಅಂತಿದ್ರು ಹಿಂದಿನವರು. ಸೊಸೆ ಹೆಸರು ಎತ್ತೋ ಹಾಗಿಲ್ಲ, ಸರಿ. ಕುಬಾನಾ, ನಿನ್ನ ನಾಲಿಗೆಗೇನಾಗಿದೆಯೋ? ಬರೀ ಹರಸೋಕೇನಾ ಅದಿರೋದು?” ಎಲ್ಲರೂ ನಕ್ಕರು. ಬೆಗಿಮಾಯ್ ಕಣ್ಣು ಬಿಟ್ಟು ತಾಯಿಯನ್ನು ನೋಡಿದಳು. ಅಳಲಿಲ್ಲ. ಆ ಕಿವಿಯನ್ನು ಕಂಬಳಿಯ ಅಂಚಿನಲ್ಲಿ ಮೆಲ್ಲಗೆ ಇಟ್ಟು ಮಕ್ಕಳ ನಡುವೆ ಹೋಗಿ ಕೂತಳು. ಮನೆಗೆ ಬಂದ ಮೇಲೆ ಕುಬಾನ್, “ಒಳ್ಳೇದಾಯ್ತು ಹಂಗಂದಿದ್ದು. ಕಲಿತಿಲ್ಲ ಅಂದ್ರೆ ನಾಳೆ ಕಲೀತಾಳೆ ಅಂತಾರೆ. ತೊದಲು ಅಂತ ಒಂದ್ಸಲ ಹೆಸರಾದ್ರೆ ಹೋಗಲ್ಲ,” ಎಂದು ಬೆನ್ನು ತಟ್ಟಿದ್ದ. ಆ ಬೆನ್ನು ಇನ್ನೂ ಉರಿಯುತ್ತಿದೆ. ಮಗುವಿನ ಮಾನ ಉಳಿಸಿದೆ ಎಂದು ಹೇಳಿಕೊಳ್ಳಬಹುದು. ಉಳಿಸಿದ್ದು ಯಾರ ಮಾನ? ಆ ‘ತೆ... ತೆ...’ ಕೇಳುತ್ತಿದ್ದಾಗ ಅವಳಿಗೆ ಮಗಳ ಮೇಲೆ ಮರುಕ ಬಂದಿರಲಿಲ್ಲ. ಬಾಯಿ ಮುಚ್ಚೇ, ಎಲ್ಲರಿಗೂ ನಾನು ಕಂಡುಬಿಡುತ್ತೇನೆ ಎಂಬ ಭಯ ಬಂದಿತ್ತು. ಹೆತ್ತ ಮಗಳಿಗೆ ನಾಚಿದ ತಾಯಿ ತಾನು. ಇದನ್ನು ಯಾವ ವಸ್ತ್ರದಲ್ಲಿ ಮುಚ್ಚುವುದು?

ಅತ್ತೆಯೂ ಸುಮ್ಮನೆ ಕೂತಿರಲಿಲ್ಲ. ಹೋದ ತಿಂಗಳು ಮಗುವಿಗೆ ಹಿಡಿದ ಭಯ ಬಿಡಿಸಲೆಂದು ಸೀಸ ಹೊಯ್ಯುವವಳನ್ನು ಕರೆಸಿದ್ದಳು. ಬೆಗಿಮಾಯ್ ತಲೆಯ ಮೇಲೆ ಬಟ್ಟೆ ಹಿಡಿದು, ನೀರಿನ ಬೋಗುಣಿ ಹಿಡಿದು, ಕಾಯಿಸಿದ ಸೀಸವನ್ನು ಅದರೊಳಗೆ ಸುರಿದಾಗ ಚುಂಯ್ ಎಂದು ಬುಸುಗುಟ್ಟಿತು. ಮಗು ಬೆಚ್ಚಿತು. ತಣ್ಣಗಾದ ಸೀಸದ ತುಣುಕನ್ನು ಬೆಳಕಿಗೆ ಹಿಡಿದು ಆ ಹೆಂಗಸು, “ನಾಯಿ. ನೋಡಿ, ಬಾಲ. ನಾಯಿಗೆ ಹೆದರಿದೆ,” ಎಂದಳು. ಕನಿಶಾಯ್ ಆ ಬುಸುಗುಟ್ಟುವ ಸದ್ದಿಗೆ ಗೋಡೆ ಹಿಡಿದುಕೊಂಡಿದ್ದಳು. ಬೆಟ್ಟದ ಊರಿನ ತನ್ನ ತವರಿನಲ್ಲಿ, ತನ್ನ ತಲೆಯ ಮೇಲೂ ಇದೇ ಸದ್ದು, ಇದೇ ಕಾವು. ಆಗಲೂ ನಾಯಿಯೇ ಬಂದಿತ್ತು. ಅದಾದ ಮೇಲೆ ಅಪ್ಪ ಊರಿನ ನಾಯಿಗಳನ್ನು ಕಂಡರೆ ಕಲ್ಲು ಹೊಡೆಯುತ್ತಿದ್ದ. ಅವಳು ತರಗತಿಯಲ್ಲಿ ಎದ್ದು ನಿಂತು ಪಾಠ ಓದಲಾರದೆ ಸುಸ್ತಾಗಿ, ಓದಲು ಬರುವುದಿಲ್ಲ ಎಂದು ಟೀಚರಿಗೆ ಹೇಳಿ ಹಿಂದಿನ ಬೆಂಚಿಗೆ ಹೋಗಿ ಕೂತಳು. ದಡ್ಡಿ ಎನ್ನಿಸಿಕೊಳ್ಳುವುದು ಎಷ್ಟು ಸುಖವಾಗಿತ್ತು. ಹಿಂದಿನ ಬೆಂಚಿನಲ್ಲಿ ಕೂತು ಅವಳು ಎಲ್ಲ ಪುಸ್ತಕಗಳನ್ನೂ ಒಳಗೊಳಗೇ ಓದಿ ಮುಗಿಸಿದ್ದಳು, ಯಾರಿಗೂ ತಿಳಿಯದಂತೆ. ‘ಅವಳಿಗೆ ಗೊತ್ತಿಲ್ಲ ತಾತ’ ಎಂದಾಗ ಮಗಳನ್ನೂ ಕೈಹಿಡಿದು ಅದೇ ಬೆಂಚಿಗೆ ಕರೆದುಕೊಂಡು ಹೋಗಿ ಕೂರಿಸಿದ್ದಳಲ್ಲವೇ.

“ಅಪಾ,” ಎಂದು ತಾಯಿಯನ್ನು ಕರೆದು ಬೆಗಿಮಾಯ್ ತೋಳು ಜಗ್ಗಿದಳು. ಕಿಟಕಿಯ ಆಚೆ ಪೇಟೆಯ ಔಷಧದ ಅಂಗಡಿ ಬಂದಿತ್ತು. “ಏಳು ಅಪಾ, ಇಲ್ಲೇ ಇಳಿಯೋಣ. ಆ ಟೋಪಿ ತಾತ ಇಳೀತಿದಾರೆ.”

ಮಿನಿಬಸ್ಸು ತಾನಾಗಿ ಎಲ್ಲೂ ನಿಲ್ಲುವುದಿಲ್ಲ. ಇಳಿಯುವವರು ಜಾಗದ ಹೆಸರು ಹಿಡಿದು ಕೂಗಬೇಕು. ಅವಳ ಮನೆಗೆ ಹಿಟ್ಟಿನ ಗಿರಣಿಯ ಹತ್ತಿರ ಇಳಿಯಬೇಕು. ಈ ಹನ್ನೊಂದು ವರ್ಷದಲ್ಲಿ ಬೇರೆ ಯಾರಾದರೂ ‘ಗಿರಣಿ’ ಎಂದು ಕೂಗಿದ ದಿನ ಮಾತ್ರ ಅವಳು ಅಲ್ಲಿ ಇಳಿದಿದ್ದಳು. ಉಳಿದ ದಿನ ಒಂದೋ ಹಿಂದಿನ ಔಷಧದ ಅಂಗಡಿ, ಇಲ್ಲವೇ ಮುಂದಿನ ಮಸೀದಿ, ಅಲ್ಲಿಂದ ನಡಿಗೆ. ಮಂಡಿಗೆ ಒಳ್ಳೆಯದು, ಡಾಕ್ಟರು ಹೇಳಿದಾರೆ, ಎಂದು ಮನೆಯಲ್ಲಿ ನಂಬಿಸಿದ್ದಳು. ಮಗಳಿಗೆ ಎಂದೂ ಏನೂ ಹೇಳಿರಲಿಲ್ಲ. ಆದರೂ ಮಗಳು ಎದ್ದು ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಸಿದ್ಧಳಾಗಿದ್ದಳು. ಊರಿನ ಎಲ್ಲ ಮಕ್ಕಳಿಗೂ ಬಸ್ಸಿನಿಂದ ಇಳಿಯುವುದು ಹೀಗೇ ಎಂದು ತಿಳಿದವಳ ಹಾಗೆ. ಟೋಪಿಯ ತಾತ ಇಳಿದ. ಬಾಗಿಲು ತೆರೆದೇ ಇತ್ತು. ಕನಿಶಾಯ್ ಏಳಲಿಲ್ಲ. “ಕೂತ್ಕೊ,” ಎಂದಳು. ಬಾಗಿಲು ಮುಚ್ಚಿತು, ಬಸ್ಸು ಹೊರಟಿತು. ಹೊರಟ ಮೇಲೆ ಅವಳಿಗೆ ಭಯವಾಯಿತು.

ಗಿರಣಿಯ ತಗಡಿನ ಮಾಡು ಕಾಣಿಸಿತು. ‘ಇಲ್ಲೇ ನಿಲ್ಲಿಸಿ’ ಎನ್ನಬಹುದು, ಆದರೆ ಡ್ರೈವರು ‘ಇಲ್ಲೇ ಅಂದ್ರೆ ಎಲ್ಲಿ’ ಎಂದು ಕೇಳುವವನೇ. ಅವಳು ಬಾಯಿ ತೆರೆದಳು. “ಗಿ...” ಎಂದಳು. ಬೀಗ ಬಿತ್ತು. “ಗಿ... ಗಿ... ಗಿ...” ಹಾಡು ಹಾಕಿಕೊಂಡಿದ್ದ ಡ್ರೈವರು ಹಾಡಿನ ದನಿ ತಗ್ಗಿಸಿ ಕನ್ನಡಿಯಲ್ಲಿ ನೋಡಿದ. “ಏನ್ ತಂಗೀ? ಗಾಡಿ ಸ್ಟಾರ್ಟ್ ಮಾಡ್ತಿದೀಯಾ?” ಯಾರೋ ಕಿಸಕ್ಕೆಂದರು. ಸಮೋಸದ ಚೀಲದ ಹೆಂಗಸು ಹಿಂದೆ ತಿರುಗಿ, “ಗಿರಣಿನಾ? ಗಿರಣಿ ಅಂತೆ ಕಣಪ್ಪಾ, ನಿಲ್ಸು, ಪಾಪ,” ಎಂದಳು. ಆ ‘ಪಾಪ’ ಕಿವಿಗೆ ಬೀಳುತ್ತಲೇ ಕನಿಶಾಯ್‌ಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹೇಳಿಯಾಯಿತಲ್ಲ, ಇನ್ನು ಸುಮ್ಮನಾಗಬಹುದಿತ್ತು. ಸುಮ್ಮನಾಗಲಿಲ್ಲ. “ಗಿ... ಗಿರಣಿ,” ಎಂದು ತಾನೇ ಮುಗಿಸಿದಳು. ಅಷ್ಟರಲ್ಲಿ ಗಿರಣಿ ದಾಟಿ ಹೋಗಿತ್ತು. ಮುಖವೆಲ್ಲ ಕಾದ ಬಾಣಲೆಯಾಗಿತ್ತು. ಅವಳು ಮಗಳ ಕಡೆ ನೋಡಿದಳು. ಬೆಗಿಮಾಯ್ ಕಿಟಕಿಗೆ ಮುಖ ಒತ್ತಿಕೊಂಡಿದ್ದಳು. ಕಿವಿಯ ತುದಿ ಕೆಂಪಾಗಿತ್ತು. ಆ ಕೆಂಪು ಯಾವುದೆಂದು ಕನಿಶಾಯ್‌ಗಿಂತ ಚೆನ್ನಾಗಿ ಬಲ್ಲವರು ಯಾರು?

ಕಾಲುವೆಯ ಬದಿಯ ಪಾಪ್ಲರ್ ಮರಗಳ ಸಾಲಿನಲ್ಲಿ ಹಿಂದಕ್ಕೆ ನಡೆದರು. ಮಗಳು ಕೈ ಹಿಡಿಯಲಿಲ್ಲ, ಎರಡು ಹೆಜ್ಜೆ ಮುಂದೆಯೇ ಹೋಗುತ್ತಿದ್ದಳು. ಬಹಳ ದೂರದ ಮೇಲೆ ತಿರುಗದೆಯೇ, “ನನಗೆ ಗೊತ್ತಿತ್ತು,” ಎಂದಳು.

“ಏನು?”

“ನಿನಗೂ ಇದೆ ಅಂತ. ಫೋನ್ ಮಾಡೋ ಮುಂಚೆ ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಮಾತೆಲ್ಲ ಹೇ... ಹೇಳ್ಕೊಳ್ತೀಯಲ್ಲ. ನಾನು ಯಾರಿಗೂ ಹೇಳಿಲ್ಲ.” ಕಾಲುವೆಗೆ ಒಂದು ಕಲ್ಲು ಒದ್ದು, “ಚೊಂಗಪಾಗೂ ಹೇಳಿಲ್ಲ,” ಎಂದಳು. ಚೊಂಗಪಾ ಎಂದರೆ ಅಜ್ಜಿ. ಕನಿಶಾಯ್ ನಿಂತುಬಿಟ್ಟಳು. ತನ್ನ ಗುಟ್ಟಿಗೆ ಈ ಪುಟ್ಟ ಜೀವ ಇಷ್ಟು ದಿನ ಕಾವಲು ಕೂತಿತ್ತು. ತನ್ನದೇ ಹೆಗಲ ಮೇಲೆ ಅಷ್ಟು ಭಾರ ಇದ್ದಾಗಲೂ.

“ಅವತ್ತು ಮ... ಮದುವೇಲಿ ನನಗೆ ಏಳೂ ಗೊತ್ತಿತ್ತು,” ಎಂದಳು ಬೆಗಿಮಾಯ್. “ನೀನು ಗೊತ್ತಿಲ್ಲ ಅಂದೆ. ಇವತ್ತು ಜಿಪಾರ್ ಎಜೆ ಕೇಳಿದಾಗ್ಲೂ ಇಲ್ಲ ಅಂದೆ. ಜಿಪಾರ್ ಎಜೆಗೇ ನಾಚಿಕೆ ಇಲ್ವಲ್ಲ, ಅವರ ಹತ್ರನೂ ಇಲ್ಲ ಅಂದೆ. ಹಂಗಾದ್ರೆ ಇದು ನಾಚಿಕೆ ವಿಷಯಾನೇ. ಅಲ್ವಾ ಅಪಾ?”

ಅಲ್ಲ ಎನ್ನಬೇಕು. ಚಿಕ್ಕ ಮಾತು, ನಾಲಿಗೆಗೆ ತೊಡಕಿಲ್ಲದ ಮಾತು. ಅಲ್ಲ ಕಣೆ ಎಂದು ಹೇಳಿ ತಬ್ಬಿಕೊಂಡರೆ ಮುಗಿಯಿತು. ಆದರೆ ಸುಲಭವಾಗಿ ಬರುವ ಮಾತುಗಳೆಲ್ಲ ತನ್ನ ಬಾಯಲ್ಲಿ ಸುಳ್ಳಾಗಿವೆ ಎಂದು ಅವಳಿಗೆ ಅಂಜಿಕೆಯಾಯಿತು. ಮಗಳು ಉತ್ತರಕ್ಕೆ ಕಾದಳು, ಮತ್ತೆ ನಡೆದಳು.

ಗೇಟಿನ ಪಕ್ಕದ ಬೆಂಚಿನ ಮೇಲೆ ಅತ್ತೆ ಸೂರ್ಯಕಾಂತಿ ಬೀಜ ಒಡೆಯುತ್ತ ಕೂತಿದ್ದಳು. ಕಾಲ ಬಳಿ ಸಿಪ್ಪೆಯ ರಾಶಿ. ದೂರದಿಂದಲೇ ಕೂಗಿದಳು. “ಬಂದ್ರಾ? ಏನಂದ್ಲು ಆ ಪಟ್ಟಣದೋಳು? ಕುಬಾನ್ ಆಗ್ಲೇ ಫೋನ್ ಮಾಡಿದ್ದ. ಆ ದೊಡ್ಡ ಡಾಕ್ಟರ ಹತ್ರ ಜಾಗ ಹಿಡಿದಿಡ್ಲಾ ಅಂದ. ಹಿಡೀಲಿ ಅಂತ ಹೇಳ್ಬಿಡ್ಲಾ? ನೀನೇನು ಬಾಯಿ ಬಿಟ್ಟು ಹೇಳೋಳಲ್ಲ, ತಲೆ ಆಡ್ಸು ಸಾಕು.”

ತಲೆ ಆಡಿಸಿದರೆ ಸಾಕು. ಯಾವ ಕಡೆಗೆ ಬೇಕಾದರೂ. ಅತ್ತೆ ಕೆಟ್ಟವಳಲ್ಲ, ಸೊಸೆಗೆ ಕಷ್ಟವಾಗಬಾರದು ಎಂದೇ ಹಾಗೆ ಹೇಳಿದ್ದು. ಕನಿಶಾಯ್ ವಸ್ತ್ರದ ಅಂಚನ್ನು ಹಿಡಿದಳು, ಬಿಟ್ಟಳು.

“ಬೇಡ ಎನೆ,” ಎಂದಳು. ಅತ್ತೆಯನ್ನು ಹಾಗೇ ಕರೆಯುವುದು, ಅಮ್ಮಾ ಎಂದ ಹಾಗೆ. “ಇ... ಇವಳು ಶನಿವಾರ ಜಿಪಾರ್ ಹತ್ರ ಹೋಗ್ತಾಳೆ.”

“ಅಯ್ಯೋ, ಯಾಕೇ? ಅಂಥಾ ಡಾಕ್ಟರ್ನ ಬಿಟ್ಟು? ಏಳು ತಂದೆಯರ ಹೆಸ್ರೂ ತಲೇಲಿ ನಿಲ್ಲಲ್ಲ ಈ ಕೂಸಿಗೆ, ನೀನೇ ಅಂದ್ಯಲ್ಲ ಅವತ್ತು.”

“ಗೊತ್ತಿದೆ ಅವಳಿಗೆ. ಅವತ್ತೂ ಗೊತ್ತಿತ್ತು. ನಾ... ನಾನು ಸುಳ್ಳು ಹೇಳ್ದೆ.” ಪಕ್ಕದ ಮನೆಯಾಕೆ ಬಕೆಟ್ಟು ಹಿಡಿದು ಗೇಟಿನಿಂದ ಹೊರಗೆ ಬಂದಳು. ಬರಲಿ. ಮೈಯೆಲ್ಲ ಉರಿಯುತ್ತಿತ್ತು, ನಾಚಿಕೆ ಎಳ್ಳಷ್ಟೂ ಕಮ್ಮಿಯಾಗಿರಲಿಲ್ಲ. “ಮಾ... ಮಾತು ಸಿಕ್ಕಿಕೊಳ್ಳತ್ತೆ ಎನೆ. ಅಷ್ಟೆ. ನನಗೂ ಹಂಗೇ. ಮೊದಲಿಂದ್ಲೂ.”

ಅತ್ತೆಯ ತುಟಿಯ ಮೇಲೆ ಬೀಜದ ಸಿಪ್ಪೆಯೊಂದು ಅಂಟಿ ನಿಂತಿತು. “ನಿನಗೂನಾ? ಹಂಗೇ ಅಂದ್ರೆ ಹೆಂಗೆ?”

ಹೇಗೆ ಎಂದು ಹೇಳುವುದು? ಮಗಳು ಗೇಟಿಗೆ ಒರಗಿ ಬೂಟಿನ ತುದಿ ನೋಡುತ್ತಿದ್ದಳು. ಕನಿಶಾಯ್ ಅವಳ ಎದುರು ಹೋಗಿ ನಿಂತಳು. ಅತ್ತೆಯ ಮುಂದೆ, ಬೀದಿಯ ಮುಂದೆ, ಯಾವ ಸೊಸೆಯೂ ಎತ್ತದ ಹೆಸರುಗಳನ್ನು ಎತ್ತಿಕೊಂಡಳು. “ಕು... ಕುಬಾನ್,” ಎಂದಳು. ಗಂಡನ ಹೆಸರು ಬಾಯಲ್ಲಿ ಬಿಸಿಯಾಗಿತ್ತು. ಬೆಗಿಮಾಯ್ ತಲೆಯೆತ್ತಿದಳು. “ತೆ...” ಎಂದಳು ಕನಿಶಾಯ್. ಅಲ್ಲೇ, ಮಗಳು ನಿಂತಿದ್ದ ಜಾಗದಲ್ಲೇ, ಅವಳ ನಾಲಿಗೆಯೂ ನಿಂತಿತು. “ತೆ... ತೆಮ್... ತೆ...” ಗಲ್ಲ ಮೇಲಕ್ಕೆ ಎಳೆಯಿತು. ಕಣ್ಣು ಮುಚ್ಚಿಕೊಳ್ಳಲು ನೋಡಿದವು, ಅವಳು ಬಿಡಲಿಲ್ಲ.

ಅತ್ತೆ ಮಡಿಲಿನ ಬೀಜ ಚೆಲ್ಲಿಕೊಂಡು ಎದ್ದುಬಿಟ್ಟಳು. “ಅಯ್ಯಯ್ಯೋ, ಯಾರ ಹೆಸರೇ ಎತ್ತುತಿದೀಯ! ಬಾಯಿಗೆ ಏನಾಯ್ತೇ ನಿನಗೆ? ಸಾಕು ನಿಲ್ಸೇ!”

ಬೆಗಿಮಾಯ್ ತಾಯಿಯ ಮುಖದಿಂದ ಕಣ್ಣು ತೆಗೆಯಲಿಲ್ಲ. ಒಂದು ಕೈಯನ್ನು ಮಾತ್ರ ಪಕ್ಕಕ್ಕೆ, ಅಜ್ಜಿಯ ಕಡೆಗೆ ಚಾಚಿದಳು.

“ತಾ... ತಾ... ತಾಳಿ ಚೊಂಗಪಾ,” ಎಂದಳು. “ಬರ್ತಾ ಇದೆ.”